ಐದನೆಯ ಪ್ರಶ್ನೆಯ ಉತ್ತರ

2018ನೆಯ ಇಸವಿಯಲ್ಲಿ ನನಗೆ ನಲವತ್ತೇಳು ವರ್ಷ. ಚೆನ್ನೈನ ವೇಪೇರಿ ಕಡೆಯ ಒಂದು ಕ್ರೈಸ್ತ ಪ್ರೌಢಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಇಂಗ್ಲಿಷ್ ಭಾಷೆಯನ್ನೂ ಸಾಹಿತ್ಯವನ್ನೂ ಕಲಿಸುತ್ತ ಇಪ್ಪತ್ತೊಂದು ವರ್ಷ ಪೂರೈಸಿದ್ದೆ. ತಿರುವಲ್ಲಿಕ್ಕೇಣಿಯಲ್ಲಿ ನಾಲ್ಕು ತಲೆಮಾರಿನಿಂದ ನೆಲೆನಿಂತ ಕನ್ನಡ ವೈಷ್ಣವ ಮನೆತನ ನಮ್ಮದು. ಬೆಳಗ್ಗೆ ಮನೆಯಲ್ಲಿ ಸಂಧ್ಯಾವಂದನೆ, ಎಂಟೂಮುಕ್ಕಾಲಿಗೆ ಶಾಲೆಯ ಅಂಗಳದಲ್ಲಿ ಸ್ತೋತ್ರಗೀತೆ. ಎರಡರ ನಡುವೆ ಒಂದು ಬಸ್ಸು. ಇದರಿಂದ ನನಗಾಗಲಿ ಶಾಲೆಗಾಗಲಿ ಎಂದೂ ತೊಡಕಾಗಿರಲಿಲ್ಲ.

ನಾನು ಕಟ್ಟುನಿಟ್ಟಿನ ಮೇಷ್ಟ್ರು. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಫುಲ್‌ಸ್ಟಾಪ್ ಸಾರ್’ ಎನ್ನುತ್ತಿದ್ದರು. ಅದನ್ನು ನಾನು ಬಿರುದೆಂದೇ ಭಾವಿಸಿದ್ದೆ. ನನ್ನ ತರಗತಿಯಲ್ಲಿ ಗೈಡ್‌ಗಳಿಗೆ ಪ್ರವೇಶವಿರಲಿಲ್ಲ. ಅಂಗಡಿಯಲ್ಲಿ ಸಿಗುವ ಆ ಉತ್ತರಪುಸ್ತಕಗಳು ಕಣ್ಣಿಗೆ ಬಿದ್ದರೆ ಕಿತ್ತುಕೊಂಡು, ವರ್ಷದ ಕೊನೆಯ ದಿನ ಹಿಂದಿರುಗಿಸುತ್ತಿದ್ದೆ. ಅವುಗಳಿಗೆ ಬದಲಾಗಿ ಮಕ್ಕಳಿಗೆ ಕೊಡಲು ಭಾನುವಾರಗಳಂದು ನಾನೇ ಇಂಗ್ಲಿಷಿನಲ್ಲಿ ಪುಟ್ಟ ಗದ್ಯಖಂಡಗಳನ್ನು ಬರೆಯುತ್ತಿದ್ದೆ. ಎಣ್ಣೂರಿನಲ್ಲಿ ವಿದ್ಯುತ್ ಸ್ಥಾವರದ ಹೊಗೆಯ ಕೆಳಗೆ ಬಲೆ ಒಣಗಿಸುವ ಹೆಂಗಸು, ಬೆಸೆಂಟ್ ನಗರದ ಕಡಲ ದಂಡೆಯಲ್ಲಿ ಮಳೆಗೆ ಸಿಕ್ಕಿದ ಬಲೂನು ಮಾರುವವನು, ಇಂಥವು. ನಾಲ್ಕು ಉದ್ದನೆಯ ನೋಟ್‌ಬುಕ್ಕುಗಳು ತುಂಬಿದ್ದವು.

ಪ್ರತಿ ಖಂಡಕ್ಕೂ ಐದು ಪ್ರಶ್ನೆಗಳು. ಮೊದಲ ನಾಲ್ಕರ ಉತ್ತರ ಖಂಡದಲ್ಲೇ ಇರುತ್ತಿತ್ತು. ಐದನೆಯದಕ್ಕೆ ಇರುತ್ತಿರಲಿಲ್ಲ, ಅದನ್ನು ವಿದ್ಯಾರ್ಥಿಯೇ ಯೋಚಿಸಬೇಕು. ಆ ಪ್ರಶ್ನೆಗೆ ನಾನು ಎಂದೂ ಮಾದರಿ ಉತ್ತರ ಹೇಳಿಕೊಡಲಿಲ್ಲ. ಬರೆದವನು ಅದನ್ನು ತಾನೇ ಯೋಚಿಸಿದ್ದಾನೆ ಎಂದು ಕಂಡರೆ ಅಂಕ, ಇಲ್ಲವಾದರೆ ಸೊನ್ನೆ.

ಇನ್ನೊಂದು ಪದ್ಧತಿಯನ್ನೂ ನಾನೇ ಹಾಕಿದ್ದೆ: ಪ್ರಶ್ನೆಪತ್ರಿಕೆಯ ಮೇಲೆ ಶಿಕ್ಷಕರ ಹೆಸರು ಇರಕೂಡದು, ‘ಇಂಗ್ಲಿಷ್ ವಿಭಾಗ’ ಎಂದಷ್ಟೇ ಇರಬೇಕು. ಯಾರು ಬರೆದರೆಂದು ತಿಳಿದರೆ ಮಕ್ಕಳು ಆ ಮೇಷ್ಟ್ರ ರುಚಿಗೆ ತಕ್ಕಂತೆ ಉತ್ತರಿಸುತ್ತಾರೆ ಎಂಬುದು ನನ್ನ ವಾದ.

2007ರಲ್ಲಿ ನಮ್ಮ ವಿಭಾಗಕ್ಕೆ ಬಂದ ಸಹೋದ್ಯೋಗಿ ನನಗಿಂತ ಹತ್ತು ವರ್ಷ ಚಿಕ್ಕವರು. ಹುಬ್ಬಳ್ಳಿ ಮೂಲದ ಕ್ರೈಸ್ತರು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಸ್ಟಾಫ್ ರೂಮಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಸುತ್ತಲಿನ ತಮಿಳು, ಇಂಗ್ಲಿಷುಗಳ ನಡುವೆ ಅವರ ‘ಹೌದ್ರಿ ಸರ’ ಕೇಳಿದರೆ ನನಗೆ ಹೆಗಲ ಮೇಲೆ ಯಾರೋ ಕೈಯಿಟ್ಟಂತಾಗುತ್ತಿತ್ತು. ಪಾಠದ ಟಿಪ್ಪಣಿ ಬರೆಯುವುದನ್ನು ಅವರಿಗೆ ಕಲಿಸಿದವನು ನಾನು. ತಿಂಗಳಿಗೊಂದು ಶನಿವಾರ ಅವರು ಮನೆಗೆ ಬಂದರೆ ನನ್ನ ತಾಯಿ ತಾವೇ ಕಾಫಿ ಬೆರೆಸಿ ಕೊಡುತ್ತಿದ್ದರು.

ಆ ತಾಯಿಯ ಬಗ್ಗೆಯೂ ಒಂದು ಖಂಡವಿತ್ತು. ನಮ್ಮ ಹೊಸಿಲಿನ ಒಳಗೆ ಕನ್ನಡವಲ್ಲದೆ ಬೇರೆ ಮಾತು ಆಡಬಾರದೆಂದು ಅಜ್ಜಿಯ ಕಾಲದಿಂದ ಕಟ್ಟಳೆ. ಅಮ್ಮ ಮೂವತ್ತು ವರ್ಷ ಹೊಸಿಲಾಚೆ ನಿಂತು ಹೂವಿನವಳೊಡನೆ ತಮಿಳಿನಲ್ಲಿ ಜಗಳವಾಡಿ, ಒಳಗೆ ಬಂದ ಕೂಡಲೇ ಕನ್ನಡಕ್ಕೆ ತಿರುಗುತ್ತಿದ್ದರು. ಒಂದು ಬೆಳಗ್ಗೆ ಹೂವಿನವಳ ಮಗಳು ಬಂದು ತಾಯಿ ತೀರಿಕೊಂಡ ಸುದ್ದಿ ಹೇಳಿದಳು. ಅಮ್ಮ ಒಳಗೆ ಬಂದು, ನಮ್ಮೆಲ್ಲರ ಮುಖ ನೋಡಿ, “ಪೂಕ್ಕಾರಮ್ಮಾ ಪೋಯಿಟ್ಟಾ”, ಹೂವಿನಮ್ಮ ಹೋಗಿಬಿಟ್ಟಳು, ಎಂದರು. ಆ ಮನೆಯೊಳಗೆ ಅವರ ಬಾಯಿಂದ ನಾನು ಕೇಳಿದ ಒಂದೇ ತಮಿಳು ವಾಕ್ಯ ಅದು. ಐದನೆಯ ಪ್ರಶ್ನೆ: ಆಕೆ ಅದನ್ನು ಮನೆಯವರಿಗೆ ತಮಿಳಿನಲ್ಲಿ ಏಕೆ ಹೇಳಿದರು?

ಅದನ್ನು ಓದಿದ ದಿನ ಸಹೋದ್ಯೋಗಿ ಕೇಳಿದ್ದರು: “ಇದಕ್ಕ ಉತ್ತರ ಏನ್ರಿ ಸರ?”

“ನನಗೇ ಗೊತ್ತಿಲ್ಲ ಕಣ್ರೀ. ಗೊತ್ತಿದ್ದಿದ್ರೆ ಪ್ರಶ್ನೆ ಯಾಕೆ ಕೇಳ್ತಿದ್ದೆ?” ಎಂದಿದ್ದೆ. ಇಬ್ಬರೂ ನಕ್ಕಿದ್ದೆವು.

2016ರಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಮೂರು ತಿಂಗಳು ರಜೆ ಹಾಕಿದೆ. ನನ್ನ ಕೈಯಲ್ಲಿದ್ದ ವಿಭಾಗದ ಮುಖ್ಯಸ್ಥನ ಹೊಣೆಯನ್ನು ಅವರಿಗೇ ವಹಿಸಬೇಕೆಂದು ಶಿಫಾರಸು ಮಾಡಿದೆ. ಆಮೇಲೂ ಅದು ಅವರಲ್ಲೇ ಉಳಿಯಿತು. ನನ್ನ ತರಗತಿಗಳನ್ನೂ ಅವರೇ ತೆಗೆದುಕೊಳ್ಳಲೆಂದು ನಾಲ್ಕು ನೋಟ್‌ಬುಕ್ಕುಗಳನ್ನು ಕೈಗಿತ್ತೆ. ಅಮ್ಮ ಹೋದ ಮೇಲೆ ನಾನು ಶಾಲೆಗೆ ಮರಳಿದಾಗ, “ವಿಭಾಗದ ಬೀರುವಿನಾಗ ಇಟ್ಟೇನ್ರಿ” ಎಂದರು. ಮುಂದಿನ ಬೇಸಿಗೆಯಲ್ಲಿ ಸುಣ್ಣ ಬಳಿಸುವಾಗ ಆ ಬೀರು ಖಾಲಿಯಾಯಿತು. ಹಳೆಯ ಕಾಗದವೆಲ್ಲ ತೂಕಕ್ಕೆ ಹೋಯಿತು. ಒಂದು ಸೀಮೆಸುಣ್ಣದ ಡಬ್ಬಿ ಕೊಟ್ಟರೂ ಸಹಿ ಹಾಕಿಸಿಕೊಳ್ಳುವ ನಾನು, ಆ ಬೀರನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ನನ್ನ ಬಳಿ ಉಳಿದದ್ದು ಹೆಸರಿಲ್ಲದ ಜೆರಾಕ್ಸ್ ಹಾಳೆಗಳ ಒಂದು ಕಟ್ಟು.

2018ರ ಸೆಪ್ಟೆಂಬರಿನಲ್ಲಿ ಅದೇ ಕಟ್ಟಿನಿಂದ ಹೂವಿನವಳ ಖಂಡವನ್ನು ತೆಗೆದು ಹತ್ತನೆಯ ತರಗತಿಗೆ ಪರೀಕ್ಷೆ ಕೊಟ್ಟೆ. ತಿದ್ದಲು ಕುಳಿತೆ. ಮೊದಲ ಹುಡುಗಿ ಐದನೆಯ ಪ್ರಶ್ನೆಗೆ ಬರೆದಿದ್ದಳು: ಆಘಾತದಿಂದ ಆಕೆಯ ಮನಸ್ಸು ಗೊಂದಲಕ್ಕೆ ಒಳಗಾಗಿತ್ತು. ಎರಡನೆಯವಳದೂ ಅದೇ ವಾಕ್ಯ. ಹತ್ತನೆಯವಳದೂ ಅದೇ. ಅರ್ಧಕ್ಕಿಂತ ಹೆಚ್ಚು ಉತ್ತರಪತ್ರಿಕೆಗಳಲ್ಲಿ ಅದೇ ವಾಕ್ಯ, ಒಂದು ಪದವೂ ಆಚೀಚೆಯಾಗದೆ.

ಮರುದಿನ ತರಗತಿಯನ್ನು ಎಬ್ಬಿಸಿ ನಿಲ್ಲಿಸಿದೆ. ಮೊದಲ ಬೆಂಚಿನ ಹುಡುಗಿ ಕಣ್ಣೀರು ತಂದುಕೊಂಡು, “ಸಾರ್, ನಾಂಗ ಕಾಪಿ ಅಡಿಕ್ಕಲ ಸಾರ್. ಗೈಡ್‌ಲ ಇರುಕ್ಕು!” ಎಂದಳು. ನಾವು ಕಾಪಿ ಹೊಡೆದಿಲ್ಲ, ಗೈಡ್‌ನಲ್ಲಿದೆ ಎನ್ನುವುದು ಅವಳ ಸಮರ್ಥನೆ. ಚೀಲದಿಂದ ಹಳದಿ ರಟ್ಟಿನ ಪುಸ್ತಕ ತೆಗೆದು ಕೊಟ್ಟಳು. ‘ಅನುಭವಿ ಶಿಕ್ಷಕರಿಂದ’ ಎಂದಷ್ಟೇ ಮುಖಪುಟದಲ್ಲಿತ್ತು. ಒಳಗೆ ನನ್ನ ಎಣ್ಣೂರಿನ ಹೆಂಗಸು, ನನ್ನ ಬಲೂನಿನವನು, ನನ್ನ ಅಮ್ಮ. ಎಲ್ಲದರ ಐದನೆಯ ಪ್ರಶ್ನೆಯ ಕೆಳಗೂ ದಪ್ಪಕ್ಷರದಲ್ಲಿ ಉತ್ತರ.

ನೋಟ್‌ಬುಕ್ಕುಗಳು ಒಬ್ಬರ ಕೈಗೆ ಮಾತ್ರ ಹೋಗಿದ್ದವು. ಸ್ಟಾಫ್ ರೂಮಿನಲ್ಲಿ ಪುಸ್ತಕವನ್ನು ಅವರ ಮುಂದಿಟ್ಟೆ. ಅವರು ಪುಟ ತಿರುವದೆಯೇ, “ಯಾರೋ ಹಳೇ ಹುಡುಗರು ಹಾಳಿ ಕೊಟ್ಟಿರಬೇಕ್ರಿ ಸರ” ಎಂದು ಗಂಟೆಯ ಸದ್ದಿಗೆ ಎದ್ದು ಹೋದರು.

ಅಕ್ಟೋಬರಿನಲ್ಲಿ, ಸೌಕಾರ್‌ಪೇಟೆಯ ಒಬ್ಬ ತಂದೆ ಶಾಲೆಯ ಆಡಳಿತ ನೋಡುವ ಕರೆಸ್ಪಾಂಡೆಂಟರಿಗೆ ದೂರು ಬರೆದರು: ಈ ಮೇಷ್ಟ್ರು ಮಕ್ಕಳ ಗೈಡ್ ಕಿತ್ತುಕೊಂಡು, ತಾವೇ ಗೈಡ್‌ನಿಂದ ಪರೀಕ್ಷೆ ಕೊಡುತ್ತಾರೆ, ಕೊಂಡವರ ಮಕ್ಕಳಿಗೆ ಲಾಭ, ಕೊಳ್ಳದವರಿಗೆ ನಷ್ಟ. ತರ್ಕದಲ್ಲಿ ದೋಷವಿರಲಿಲ್ಲ. ನನ್ನ ಇಪ್ಪತ್ತೊಂದು ವರ್ಷಗಳನ್ನು ಆ ಕಾಗದ ತಲೆಕೆಳಗು ಮಾಡಿತ್ತು.

ವಿಚಾರಣೆ ಮೊದಲು ಕ್ರಿಸ್ಮಸ್ ಗೀತೆಗಳ ತಾಲೀಮಿಗಾಗಿ, ಆಮೇಲೆ ಹತ್ತನೆಯ ತರಗತಿಯ ಪರೀಕ್ಷೆಗಾಗಿ ಮುಂದೆ ಹೋಗಿ, ಏಪ್ರಿಲ್‌ಗೆ ಬಂತು. ನಮ್ಮಲ್ಲಿ ಪ್ರತಿ ಸಭೆಯೂ ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಸರದಿಯ ಪ್ರಕಾರ ಒಬ್ಬೊಬ್ಬರು ನಡೆಸುತ್ತಾರೆ. ಅಂದಿನ ಸರದಿ ನನ್ನ ಸಹೋದ್ಯೋಗಿಯದು. ನಮ್ಮ ನಾಲಿಗೆಗಳನ್ನು ಸತ್ಯದಲ್ಲಿ ನಡೆಸು ಎಂದು ಅವರು ಕಣ್ಣು ಮುಚ್ಚಿ ಬೇಡಿಕೊಂಡರು. ನಾನೂ ತಲೆ ಬಾಗಿಸಿದ್ದೆ.

ಈ ಖಂಡಗಳು ಇವರ ಬರವಣಿಗೆ ಎಂದು ನಿಮಗೆ ತಿಳಿದಿತ್ತೇ ಎಂದು ಕರೆಸ್ಪಾಂಡೆಂಟರು ವಿಭಾಗದ ಮುಖ್ಯಸ್ಥರಾದ ಸಹೋದ್ಯೋಗಿಯನ್ನು ಇಂಗ್ಲಿಷಿನಲ್ಲಿ ಕೇಳಿದರು. “ವಿಭಾಗದ ಹಾಳೆಗಳ ಮೇಲೆ ಯಾರ ಹೆಸರೂ ಇರುವುದಿಲ್ಲ, ಸರ್. ಅದು ಇವರೇ ಮಾಡಿದ ನಿಯಮ,” ಎಂದು ಅವರು ಇಂಗ್ಲಿಷಿನಲ್ಲೇ ಉತ್ತರಿಸಿದರು. ಆ ವಾಕ್ಯದ ಪ್ರತಿ ಪದವೂ ನಿಜ. ನಾನು ನೋಟ್‌ಬುಕ್ಕುಗಳ ಮಾತೆತ್ತಿದೆ. ಬೀರುವಿನಲ್ಲಿ ಏನೇನಿತ್ತೆಂದು ನೆನಪಿಲ್ಲ ಎಂದರು.

ಕರೆಸ್ಪಾಂಡೆಂಟರು ಕೆಟ್ಟವರಲ್ಲ, ಗದ್ದಲ ಬೇಡವಾಗಿದ್ದವರು. ಎರಡು ಸಾಲು ಟೈಪ್ ಮಾಡಿಸಿದ್ದರು: ಪ್ರಕಟಿತ ಪುಸ್ತಕವೊಂದರಿಂದ ಖಂಡಗಳನ್ನು ಅಚಾತುರ್ಯದಿಂದ ಬಳಸಿಕೊಂಡೆ, ವಿಷಾದಿಸುತ್ತೇನೆ. ಸಹಿ ಹಾಕಿದರೆ ಜೂನ್‌ನಲ್ಲಿ ಯಥಾಪ್ರಕಾರ ಪಾಠ. ಇಲ್ಲವಾದರೆ ಆಡಳಿತ ಮಂಡಳಿ ಬೇರೆ ಯೋಚಿಸಬೇಕಾಗುತ್ತದೆ. ವಾರದ ಗಡುವು ಕೊಟ್ಟರು.

ಈಸ್ಟರಿಗೆ ಮುಂಚಿನ ಶನಿವಾರ ಸಹೋದ್ಯೋಗಿ ಮನೆಗೆ ಬಂದರು. ಅಮ್ಮ ಇದ್ದಾಗ ತಾವು ಕೂರುತ್ತಿದ್ದ ಕುರ್ಚಿಯಲ್ಲೇ ಕುಳಿತರು.

“ಸಹಿ ಮಾಡಿಬಿಡ್ರಿ ಸರ. ಎರಡು ಸಾಲು. ಜೂನ್‌ದಾಗ ಯಾರಿಗೂ ನೆನಪಿರಂಗಿಲ್ಲ.”

“ನನಗಿರತ್ತೆ,” ಎಂದೆ. “ನೋಟ್‌ಬುಕ್ಕು ಎಲ್ಲಿವೆ?”

ಅವರು ಚಪ್ಪಲಿಯಿಲ್ಲದ ತಮ್ಮ ಪಾದಗಳನ್ನೇ ನೋಡಿದರು. “ಪ್ರಕಾಶಕರು ಬೆನ್ನು ಹತ್ತಿದ್ರು. ಒಂದ್ ಹತ್ತು ಕೊಡೋಣ ಅಂದ್ಕೊಂಡೆ, ಆಮ್ಯಾಲೆ ಎಲ್ಲಾ ಹೋತು. ಎರಡನೇ ಮುದ್ರಣದಾಗ ನಿಮ್ಮ ಹೆಸರೂ ಹಾಕಸ್ತೀನ್ರಿ, ಆಣಿ ಮಾಡಿ ಹೇಳ್ತೀನಿ.”

“ಗೈಡ್ ಮೇಲೆ ನನ್ನ ಹೆಸರಾ!”

ಅಷ್ಟರಲ್ಲಿ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದಳು. ಕೈಯಲ್ಲಿ ಕಾಫಿ ಇರಲಿಲ್ಲ. “ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ನಮ್ಮತ್ತೆ ಮನಸ್ಸು ಗೊಂದಲ ಆಗಿತ್ತು ಅಂತ ಬರ್ದಿದೀರಲ್ಲ, ಅದನ್ನ ನಿಮಗೆ ಯಾರು ಹೇಳಿದ್ದು? ಅವರು ಕೊಟ್ಟ ಕಾಫಿ ಎಷ್ಟು ಕುಡಿದಿದೀರಿ!”

“ಗೈಡ್ ಅಂದಮ್ಯಾಲೆ ಉತ್ತರ ಬೇಕ ಬೇಕಲ್ರಿ ಅಕ್ಕಾರ,” ಎಂದರು ಅವರು, ಮೆಲ್ಲಗೆ. “ಖಾಲಿ ಬಿಡಾಕ ಬರಂಗಿಲ್ಲ.”

ಖಂಡಗಳನ್ನು ಕದ್ದದ್ದನ್ನು ಎಂದಾದರೂ ಕ್ಷಮಿಸುತ್ತಿದ್ದೆನೇನೋ. ಅಂದು ನನ್ನ ತಾಯಿ ಒಳಗೆ ಬಂದು ಆಡಿದ ಮಾತು ನನಗೆ ಹದಿನೈದು ವರ್ಷ ಬಿಡಿಸಲಾಗದೆ ಉಳಿದಿತ್ತು. ಅದನ್ನು ಇವರು, ತಿಳಿದೂ, ಒಂದು ಸಾಲಿನಲ್ಲಿ ಮುಗಿಸಿ, ಊರ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದ್ದರು. ಇನ್ನು ನಾನು ಸಹಿ ಹಾಕಿದರೆ ಆ ಉತ್ತರ ಪುಸ್ತಕದ್ದು, ಅಮ್ಮನೂ ಪುಸ್ತಕದವಳು. ನಾನು ಅವಳನ್ನು ಅಲ್ಲಿಂದ ಎತ್ತಿಕೊಂಡವನು ಎಂದಾಗುತ್ತಿತ್ತು.

ಅವರು ಹೋದ ಮೇಲೆ ನಾನೇ ಒಂದು ಕಾಗದ ಬರೆದೆ. ಈ ಖಂಡಗಳನ್ನು ಬರೆದವನು ನಾನು. ಇದಕ್ಕೆ ವಿರುದ್ಧವಾದ ಹೇಳಿಕೆಗೆ ಸಹಿ ಹಾಕಲಾರೆನಾದ್ದರಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಎರಡೇ ವಾಕ್ಯ.

ನಮ್ಮ ಶಾಲೆಯ ನಿಯಮದಂತೆ ಶಿಕ್ಷಕರ ಯಾವ ಅರ್ಜಿಯೂ ವಿಭಾಗದ ಮುಖ್ಯಸ್ಥರ ಮೂಲಕವೇ ಹೋಗಬೇಕು. ಈಸ್ಟರ್ ಕಳೆದ ಶುಕ್ರವಾರ ಕಾಗದವನ್ನು ಅವರ ಮೇಜಿನ ಮೇಲಿಟ್ಟೆ. ಮೊದಲ ವಾಕ್ಯದ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. “ಬ್ಯಾಡ್ರಿ ಸರ,” ಎಂದರು. ನಾನು ಪೆನ್ನಿನ ಟೋಪಿ ತೆಗೆದು ಕೊಟ್ಟೆ. ಓದಲಾಗಿದೆ, ಮುಂದೆ ಕಳುಹಿಸಲಾಗಿದೆ ಎಂದು ಬರೆದು ಸಹಿ ಮಾಡಿದರು. ಆ ಖಂಡಗಳು ನನ್ನವು ಎಂಬ ವಾಕ್ಯದ ಕೆಳಗೆ ಅವರ ಹೆಸರು ಕಂಡದ್ದು ಆ ಒಂದು ಹಾಳೆಯಲ್ಲಿ ಮಾತ್ರ. ದಿನಾಂಕ ಹಾಕಲು ಮರೆತಿದ್ದರು, ನೆನಪಿಸಿದೆ. ಹಾಕಿದರು: 26 ಏಪ್ರಿಲ್ 2019.