ಕಬ್ಬಿಣ ಹಾಕದ ಪ್ರಯೋಗ

ರಾಬಿಗಾ ಕೆಂಜೆತಾಯೆವಾಳನ್ನು ನಾನು ಮೊದಲು ಕಂಡದ್ದು ೧೯೮೬ರ ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ. ಅಲ್ಮಾ-ಅತಾದ ಶಾಲೆಯೊಂದರಲ್ಲಿ ನಾನಾಗ ರಸಾಯನಶಾಸ್ತ್ರದ ಮೇಷ್ಟ್ರು. ಕೊನೆಯ ತರಗತಿ ಮುಗಿಸಿ ಕಪ್ಪುಹಲಗೆ ಒರೆಸುತ್ತಿದ್ದೆ. ಉಣ್ಣೆಯ ಶಾಲಿನಲ್ಲಿ ಏನನ್ನೋ ಕೂಸಿನಂತೆ ಸುತ್ತಿ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರುವ ಮೊದಲು ತಿರುಗಿ ಮೆಟ್ಟಿಲ ಕಡೆ ನೋಡಿದಳು.

"ಅಗಾಯ್, ಈ ಕೋಣೆ ಬೀಗದ ಕೈ ಯಾರ್ಯಾರ ಹತ್ರ ಇದೆ?" ಎಂದಳು. ಅಲ್ಲಿ ಮೇಷ್ಟ್ರನ್ನು 'ಅಗಾಯ್' ಎಂದೇ ಕರೆಯುವುದು.

"ನನ್ನೊಬ್ಬನ ಹತ್ರ. ಕಳ್ಳರು ಬಂದ್ರೂ ಇಲ್ಲಿ ಸುಣ್ಣದ ತಿಳಿ ಬಿಟ್ರೆ ಇನ್ನೇನೂ ಸಿಗಲ್ಲ ಕಣಮ್ಮ."

ಅವಳು ನಗಲಿಲ್ಲ.

ಆಕೆ ಸಮೀಪದ ಸಂಶೋಧನಾ ಸಂಸ್ಥೆಯವಳು, ವಯಸ್ಸು ಮೂವತ್ತು. ಜೀವಸತ್ವ ತಯಾರಿಸುವ ಹಾದಿಯಲ್ಲಿ ಬರುವ ಒಂದು ದ್ರವಕ್ಕೆ ಜಲಜನಕವನ್ನು ಸೇರಿಸಬೇಕು. ಆ ಕೆಲಸಕ್ಕೆ ವೇಗವರ್ಧಕವಾಗಿ ಎಲ್ಲರೂ ದುಬಾರಿ ಪಲ್ಲಾಡಿಯಂ ಲೋಹವನ್ನೇ ಬಳಸುತ್ತಿದ್ದರು. ರಾಬಿಗಾ ಅದನ್ನು ಬರಿಯ ಕಬ್ಬಿಣದ ಪುಡಿಯಿಂದ ಮಾಡಿ ತೋರಿಸಿದ್ದಳು. ಏಳು ವರ್ಷದ ದುಡಿಮೆ ಪ್ರಬಂಧವಾಗಿ, ಇನ್ನು ಮೂರು ವಾರದಲ್ಲಿ ಪರೀಕ್ಷಕರ ಮುಂದೆ ಹೋಗಬೇಕಿತ್ತು. ಆದರೆ ಅದೇ ಸಂಸ್ಥೆಯ ವಿಸ್ಸಾರಿಯೋನ್ ಖೆಗಾಯ್ ಅದೇ ಪ್ರಯೋಗವನ್ನು ಮೂರು ಸಲ ಮಾಡಿದರೂ ಏನೂ ನಡೆದಿರಲಿಲ್ಲ. ಅವಳು ಗುಟ್ಟಾಗಿ ಪಲ್ಲಾಡಿಯಂ ಬೆರೆಸುತ್ತಾಳೆಂದು ಗುಸುಗುಸು ಎದ್ದಿತ್ತು. ಹೊರಗಿನವರೊಬ್ಬರು ಕಣ್ಣಾರೆ ಕಂಡು ಸಹಿ ಹಾಕಿದರೆ ಪ್ರಬಂಧ ಉಳಿಯುತ್ತಿತ್ತು.

"ಖೆಗಾಯೇ ನನ್ನ ಪುಡಿ ಕೆಡಿಸ್ತಿದಾನೆ. ನಿನ್ನೆ ಶೀಶೆ ಮುಚ್ಚಳ ಬೇರೆ ಥರ ತಿರುಗಿತ್ತು."

"ಮುಚ್ಚಳ ತಿರುಗಿದ್ದು ಹೇಗೆ ಗೊತ್ತಾಯ್ತು?"

"ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೆ."

ನನಗೂ ಅನುಮಾನ ಬಾರದಿರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಶಾಲಾ ಮೇಷ್ಟ್ರೇ ಏಕೆ ಬೇಕಾಯಿತು? ಮೋಸಹೋಗಲು ಸುಲಭವೆಂದೇ? ಕಬ್ಬಿಣದ ಪುಡಿಯನ್ನು ನಾನೇ ತೂಗಿದೆ. ಒಳಗೇನೂ ಅಡಗಿಸಿಲ್ಲವೆಂದು ನೋಡಲು ಅಂಗಿಯ ತೋಳು ಮೇಲಕ್ಕೆ ಮಡಚಿಕೊಳ್ಳಲು ಹೇಳಿದೆ. ಮುಖ ಕೆಂಪಾದರೂ ಮಡಚಿಕೊಂಡಳು.

ಶಾಲಿನೊಳಗಿದ್ದದ್ದು ಉದ್ದ ಕೊರಳಿನ, ಉಬ್ಬಿದ ಹೊಟ್ಟೆಯ ಗಾಜಿನ ಪಾತ್ರೆ. ಸಂಸ್ಥೆಯವರೆಲ್ಲ ಅದನ್ನು 'ಬಾತು' ಎನ್ನುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಬಾತು. ಹಲ್ಲುಜ್ಜುವ ಬ್ರಷ್ಷಿನಂತೆ, ಇನ್ನೊಬ್ಬರಿಗೆ ಕೊಡುವ ಮಾತೇ ಇಲ್ಲ. ಇವಳದು ತೀರಿಹೋದ ಅವಳ ಗುರುಗಳು ಕೊಟ್ಟದ್ದು. ಮದ್ಯಸಾರದಲ್ಲಿ ಮಾತ್ರ ತೊಳೆಯಬೇಕು, ಆಮ್ಲ ಸೋಕಿಸಕೂಡದು ಎಂದು ಅವರು ಹೇಳಿದ್ದರಂತೆ.

ಸತುವಿನ ಮೇಲೆ ಆಮ್ಲ ಸುರಿದು ಜಲಜನಕ ಮಾಡಿಕೊಟ್ಟೆ. ಅವಳು ಚೀಲದಲ್ಲಿ ತಂದಿದ್ದ ಮೋಟಾರು, ದ್ರವ ಮತ್ತು ಪುಡಿ ಹಾಕಿದ ಬಾತನ್ನು ತೂಗಾಡಿಸತೊಡಗಿತು. ಜಲಜನಕ ಖರ್ಚಾದಂತೆಲ್ಲ ಪಕ್ಕದ ಅಳತೆಗೊಳವೆಯಲ್ಲಿ ನೀರು ಮೇಲೇರಬೇಕು. ಏರಿತು!

"ನೋಡಿದ್ರಾ! ಸಹಿ ಹಾಕಿ, ಅಗಾಯ್."

"ಇನ್ನೊಂದ್ಸಲ ಮಾಡು. ಈ ಸಲ ಕಬ್ಬಿಣ ಹಾಕ್ಬೇಡ."

"ಕಬ್ಬಿಣ ಇಲ್ದೆ ಏನಾಗುತ್ತೆ? ಏನೂ ಆಗಲ್ಲ."

"ಆಗ್ದೇ ಇದ್ರೆ ತಕ್ಷಣ ಸಹಿ ಹಾಕ್ತೀನಿ."

"ನೀವೂ ಖೆಗಾಯ್ ಕಡೆಯೋರೇನಾ?"

"ಅವನ ಮುಖಾನೇ ನೋಡಿಲ್ಲ ಕಣಮ್ಮ. ಹತ್ತನೇ ಕ್ಲಾಸಿನ ಮಕ್ಕಳಿಗೂ ನಾನು ಇದನ್ನೇ ಹೇಳೋದು."

ಸಿಟ್ಟಿನಿಂದ ಕುದಿಯುತ್ತಲೇ ಬಾತನ್ನು ಮದ್ಯಸಾರದಲ್ಲಿ ತೊಳೆದಳು. ಕಬ್ಬಿಣದ ಶೀಶೆಯನ್ನು ನಾನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮೋಟಾರು ಮತ್ತೆ ತಿರುಗಿತು. ಐದು ನಿಮಿಷ ನೀರು ಕದಲಲಿಲ್ಲ. ಗೆದ್ದವಳಂತೆ ನನ್ನನ್ನು ನೋಡಿದಳು. ಆಮೇಲೆ ನೀರು ಒಂದು ಗೆರೆ ಏರಿತು. ಇನ್ನೊಂದು ಗೆರೆ. ಮತ್ತೆ ಎರಡು.

ಅವಳ ಕಣ್ಣು ಮೊದಲು ಹೋದದ್ದು ನನ್ನ ಕೈಗಳ ಕಡೆಗೆ. "ನೀವೇನಾದ್ರೂ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮೋಟಾರು ಆರಿಸಿ, ಬಾತನ್ನು ಬರಿದುಮಾಡಿ, ಕಿಟಕಿಯ ಬೆಳಕಿಗೆ ಹಿಡಿದಳು. ಹೊಟ್ಟೆಯ ಒಳಮೈಗೆ ತೆಳ್ಳನೆಯ ಬೂದುಬಣ್ಣದ ಪೊರೆ ಅಂಟಿತ್ತು.

"ಗುರುಗಳು ಇಪ್ಪತ್ತು ವರ್ಷ ಇದ್ರಲ್ಲಿ ಪಲ್ಲಾಡಿಯಂ ಬಳಸಿದ್ರು," ಎಂದಳು.

ಕೆಲಸ ಮಾಡಿದ್ದು ಕಬ್ಬಿಣವಲ್ಲ, ಮದ್ಯಸಾರಕ್ಕೆ ಬಿಡದೆ ಅಂಟಿಕೊಂಡಿದ್ದ ಆ ಪಲ್ಲಾಡಿಯಂ. ಖೆಗಾಯನ ಬಾತಿನಲ್ಲಿ ಆ ಪೊರೆ ಇರಲಿಲ್ಲ. ಅವನೂ ಸುಳ್ಳು ಹೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

ಬಟ್ಟಲಿಗೆ ಹಾಲಿನ ಚಹಾ ಬಗ್ಗಿಸಿ ಮುಂದಿಟ್ಟೆ. ಅವಳು ಸಹಿಗೆಂದು ತಂದಿದ್ದ ಕಾಗದವನ್ನು ನನ್ನತ್ತ ಸರಿಸಿದಳು. "ಬರೀರಿ ಅಗಾಯ್. ಈಗ ನೋಡಿದ್ದನ್ನೇ ಬರೀರಿ."

ಬರೆದು ಸಹಿ ಹಾಕಿದೆ. ಸೋಮವಾರ ಅದನ್ನೇ ಸಂಸ್ಥೆಗೆ ಒಪ್ಪಿಸಿ ಪ್ರಬಂಧವನ್ನು ಹಿಂತೆಗೆದುಕೊಂಡಳು. ಖೆಗಾಯನಿಗೂ ತಾನೇ ಹೋಗಿ ಹೇಳಿದಳಂತೆ.

"ಏಳು ವರ್ಷ ಪಾತ್ರೆ ಸರಿಯಾಗಿ ತೊಳ್ದಿರ್ಲಿಲ್ಲ ಅನ್ನು!" ಎಂದನಂತೆ ಅವನು.

"ನಿನ್ನನ್ನೇ ತೊಳೆಯೋಕೆ ಇಟ್ಕೋಬೇಕಿತ್ತು," ಎಂದಳಂತೆ ಇವಳು.

ಆಮೇಲೆ ಅವಳು ಇನ್ನೊಂದು ಪ್ರಬಂಧ ಬರೆಯಲೇ ಇಲ್ಲ. ಅವಳಿಗಿಂತ ಕಿರಿಯರು ಪದವಿ ಪಡೆದು ಅವಳ ಮೇಲಧಿಕಾರಿಗಳಾದರು. ಅವಳು ಮಾತ್ರ ಕಬ್ಬಿಣವನ್ನು ಬಿಡಲಿಲ್ಲ.

ಈಗಲೂ ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಪ್ರಯೋಗಶಾಲೆಗೆ ಹೋಗುತ್ತಾಳೆ. ಹೋದ ಶರತ್ಕಾಲದಿಂದ ಅವಳ ಹೊಸ ಪುಡಿಯೊಂದು ತುಸುತುಸುವೇ ಜಲಜನಕ ಕುಡಿಯುತ್ತಿದೆಯಂತೆ. ಫೋನಿನಲ್ಲಿ ಅದನ್ನು ಕೇಳಿ ನಾನು ಶಭಾಷ್ ಎಂದೆ.

"ಸುಮ್ನಿರಿ ಅಗಾಯ್! ಯಾರಿಗೂ ಹೇಳ್ಬೇಡಿ. ನಂಗೇ ಇನ್ನೂ ನಂಬಿಕೆ ಇಲ್ಲ."

ಮೂರು ಬೇರೆ ಬೇರೆ ಕಡೆಯಿಂದ ಕಬ್ಬಿಣ ತರಿಸಿ, ಅದರಲ್ಲಿ ಇನ್ನಾವ ಲೋಹ ಅಡಗಿದೆಯೋ ನೋಡಲು ಪರೀಕ್ಷೆಗೆ ಕಳಿಸಿದ್ದಾಳೆ. ಎರಡರ ವರದಿ ಬಂದಿದೆ, ಎರಡೂ ಶುದ್ಧ. ಮೂರನೆಯದಕ್ಕೆ ಕಾಯುತ್ತಿದ್ದಾಳೆ.