ನೊಣ ಸಾಕಿದ ಗಿರಿಜಾ

ಊಟದ ಮೇಜಿನ ಮೇಲಿನ ಬಾಳೆಹಣ್ಣು ಕೊಂಚ ಕಪ್ಪಿಟ್ಟರೆ ಸಾಕು, ಎಲ್ಲಿಂದಲೋ ಸಾಸಿವೆಗಾತ್ರದ ನೊಣಗಳು ಬಂದು ಪ್ರದಕ್ಷಿಣೆ ಆರಂಭಿಸುತ್ತವೆ. ನಿಮ್ಮ ಮನೆಯಲ್ಲಾದರೆ ನೀವು ಕೈಬೀಸಿ ಓಡಿಸುತ್ತೀರಿ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ಕನ್ನಡಕ ಸರಿಪಡಿಸಿಕೊಂಡು, ಬಗ್ಗಿ ನೋಡಿ, “ಇದು ಹೆಣ್ಣು ರೀ, ಹೊಟ್ಟೆ ನೋಡಿ. ಇನ್ನೇನು ಮೊಟ್ಟೆ ಇಡುತ್ತೆ” ಎನ್ನುತ್ತಾಳೆ. ತುಂಬು ಗರ್ಭಿಣಿಯನ್ನು ಓಡಿಸುವ ಪಾಪಕ್ಕೆ ಅಂಜಿ ನಾನು ಎತ್ತಿದ ಕೈಯನ್ನು ಇಳಿಸುತ್ತೇನೆ. ಇಳಿಸಿದ ಕೈಗೆ ಏನಾದರೂ ಕೆಲಸ ಬೇಕಲ್ಲ, ತಲೆ ಕೆರೆದುಕೊಳ್ಳುತ್ತೇನೆ.

ಯಲಹಂಕದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾಗಿದ್ದ ಗಿರಿಜಾ, ಮಗಳ ಮದುವೆಯಾದ ಮೇಲೆ, ಕೂದಲು ನೆರೆಯತೊಡಗಿದ ವಯಸ್ಸಿನಲ್ಲಿ, ಕೆಲಸ ಬಿಟ್ಟು ಹೆಬ್ಬಾಳದ ಕಡೆಯ ಸಂಶೋಧನಾಲಯಕ್ಕೆ ಪಿಎಚ್.ಡಿ. ಮಾಡಲು ಸೇರಿದಳು. ವಿಮಾನ ನಿಲ್ದಾಣದ ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ದಿನವೂ ಧೂಳು ಕುಡಿಯುತ್ತ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅವಳ ವಿಷಯ, ಅಯಸ್ಕಾಂತೀಯ ನ್ಯಾನೊ ಕಣಗಳು ಕೀಟಗಳ ಮೇಲೆ ಬೀರುವ ವಿಷಪರಿಣಾಮ. ಅಯಸ್ಕಾಂತ ಸೆಳೆಯಬಲ್ಲ, ಆದರೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಬ್ಬಿಣದ ಪುಡಿ ಎಂದು ನಾವು ತಿಳಿದುಕೊಂಡರೆ ಸಾಕು. ಇದರಿಂದ ಔಷಧವನ್ನು ದೇಹದಲ್ಲಿ ಬೇಕಾದಲ್ಲಿಗೆ ಎಳೆದೊಯ್ಯಬಹುದು, ಕೊಳಕು ನೀರನ್ನು ತಿಳಿಗೊಳಿಸಬಹುದು, ಬೆಳೆಗೂ ಸಿಂಪಡಿಸಬಹುದು ಎಂದು ಬಲ್ಲವರೆಲ್ಲ ಕೊಂಡಾಡುತ್ತಿದ್ದಾಗ, ಅದು ಹುಳುಹುಪ್ಪಟೆಯ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ಇವಳು ಕೇಳಹೊರಟಿದ್ದಳು.

ಕನ್ನಡ ಅಧ್ಯಾಪಕನಾದ ನನಗೆ ಇದರಲ್ಲಿ ಚೆನ್ನಾಗಿ ಅರ್ಥವಾದದ್ದು ‘ಕಣ’ ಎಂಬ ಪದವೊಂದೇ. ನನ್ನ ತಾಯಿಗೆ ಅದೂ ಬೇರೆಯಾಗಿಯೇ ಅರ್ಥವಾಯಿತು. “ಕಣ ಈಗೆಲ್ಲೈತೆ? ಪುಟ್ಟೇನಳ್ಳಿ ಕೆರೆತಾವ ರಾಗಿ ಒಕ್ಕ್ತಿದ್ ನಮ್ ಕಣದ್ ಮ್ಯಾಲೆ ಅಪಾರ್ಟ್‌ಮೆಂಟ್ ಎದ್ದೈತಲ್ಲ” ಎಂದಳು. ಸೊಸೆಯ ಪ್ರಯೋಗ ನಡೆಯುವುದು ನೊಣಗಳ ಮೇಲೆ ಎಂದು ತಿಳಿದಾಗಲಂತೂ ಅಮ್ಮನ ಬೆರಗಿಗೆ ಮೇರೆಯಿರಲಿಲ್ಲ. “ಊರೋರೆಲ್ಲ ನೊಣ ಓಡುಸ್ತಾರೆ, ನಮ್ ಸೊಸೆ ಸಾಕಾಕ್ ಓಯ್ತಾಳೆ. ಇಂಗೂ ಒಂದ್ ಓದು ಐತಾ?”

“ಇದೆ ಅತ್ತೆ. ಮುಗಿಸಿ ಬಂದು ಹೇಳ್ತೀನಿ” ಎಂದು ಗಿರಿಜಾ ನಕ್ಕು ಬಸ್ಸಿಗೆ ಓಡಿದಳು.

ಬೆಲ್ಲ, ಜೋಳದ ಹಿಟ್ಟು ಬೆರೆಸಿ ಅವಳು ನೊಣಗಳಿಗೆ ಬಿಸಿಬಿಸಿಯಾಗಿ ಗಂಜಿ ಕಾಯಿಸುತ್ತಿದ್ದ ಆ ವರ್ಷಗಳಲ್ಲಿ, ಮನೆಯಲ್ಲಿ ನಾನು ಹಿಂದಿನ ದಿನದ ಸಾರಿನೊಡನೆ ಗಾಢ ಮೈತ್ರಿ ಬೆಳೆಸಿಕೊಂಡೆ. ಕೆಲವು ನೊಣಗಳ ಗಂಜಿಗೆ ಕಬ್ಬಿಣದ ಕಣ ಬೆರೆಸುವುದು, ಕೆಲವಕ್ಕೆ ಬೆರೆಸದಿರುವುದು, ಆಮೇಲೆ ಎರಡನ್ನೂ ಹೋಲಿಸುವುದು, ಇದು ಅವಳ ಕೆಲಸ. ಗಾಜಿನ ನಳಿಕೆಯನ್ನು ಮೆಲ್ಲಗೆ ತಟ್ಟಿದರೆ ನೊಣಗಳು ತಳಕ್ಕೆ ಬೀಳುತ್ತವೆ; ಆರೋಗ್ಯವಾಗಿದ್ದರೆ ಕೂಡಲೇ ಗೋಡೆ ಹತ್ತುತ್ತವೆ. ಕಣ ಅತ್ಯಲ್ಪವಾಗಿದ್ದಾಗ ಅವು ಸಲೀಸಾಗಿ ಹತ್ತಿದವು. ಹೆಚ್ಚಿಸಿದಾಗ ಅರ್ಧ ಹತ್ತಿ ಜಾರಿದವು. ಮೊಟ್ಟೆಯೂ ಕಡಿಮೆಯಾಯಿತು.

ಅಡಚಣೆ ಬಂದದ್ದು ಇಲ್ಲೇ. ಆ ಕಣಗಳನ್ನು ತಯಾರಿಸಿದ್ದು ಪಕ್ಕದ ಪ್ರಯೋಗಾಲಯದವರು. ಅವು ನಿರಪಾಯಕಾರಿ ಎಂದು ದೊಡ್ಡ ಸೆಮಿನಾರಿನಲ್ಲಿ ಸಾರುವ ಸಿದ್ಧತೆ ನಡೆದಿತ್ತು. ಮಾರ್ಗದರ್ಶಕರು ಗಿರಿಜಾಳನ್ನು ಕರೆದು, “ಮೇಡಂ, ಸದ್ಯಕ್ಕೆ ಕಡಿಮೆ ಪ್ರಮಾಣದ ಫಲಿತಾಂಶ ಮಾತ್ರ ಹೇಳಿಬಿಡಿ. ಮಿಕ್ಕಿದ್ದು ಆಮೇಲೆ ನೋಡೋಣ. ಸುಮ್ಮನೆ ನಿಮ್ಮ ಡಿಗ್ರೀನೂ ತಡ ಆಗುತ್ತೆ” ಎಂದರಂತೆ.

ಸಂಜೆ ಅವರೆಕಾಯಿ ಸುಲಿಯುತ್ತ ಅವಳು ಇದನ್ನು ಹೇಳಿದಾಗ, ವಿವೇಕವೆಲ್ಲ ನನ್ನ ಗುತ್ತಿಗೆಯೆಂಬಂತೆ, “ದೊಡ್ಡೋರು ಹೇಳ್ತಿದಾರೆ, ಹಂಗೇ ಮಾಡ್ಬಿಡೆ” ಎಂದೆ.

“ನೊಣ ಬಿದ್ದಿದ್ದನ್ನ ನಾನು ಕಣ್ಣಾರೆ ನೋಡಿದೀನಿ ಕಣ್ರೀ. ಎಲ್ಲಾ ಹತ್ತಿದ್ವು ಅಂತ ಹೆಂಗ್ ಹೇಳ್ಲಿ?” ಎಂದವಳು, ಇನ್ನೊಂದು ಕಾಯಿ ಸುಲಿದು, “ನಂದೇ ತಪ್ಪಿದ್ರೂ ಇರ್ಬೋದು. ಮತ್ತೆ ಮಾಡ್ತೀನಿ” ಎಂದಳು.

ಮತ್ತೆ ಮಾಡಿದಳು. ದೋಷ ಕಣದ ಮೇಲಿನ ಲೇಪದ್ದೋ, ಬರೀ ಕಬ್ಬಿಣದ್ದೋ, ತಾನು ಕಾಯಿಸಿದ ಗಂಜಿಯದೋ ಎಂದು ಒಂದೊಂದನ್ನೂ ಬೇರ್ಪಡಿಸಿ ನೋಡಿದಳು. ಅನ್ಯರನ್ನು ಶಂಕಿಸುವ ವಿದ್ಯೆ ನನಗೂ ಬರುತ್ತದೆ. ತನ್ನನ್ನೇ ಇಷ್ಟು ಶ್ರದ್ಧೆಯಿಂದ ಶಂಕಿಸಿಕೊಳ್ಳುವುದನ್ನು ನಾನು ಕಂಡದ್ದು ಆಗಲೇ. ನೊಣಗಳು ಮಾತ್ರ ಹಟ ಬಿಡದೆ ಜಾರಿದವು.

ಸೆಮಿನಾರಿಗೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅವಳು ಕಡಿಮೆಯದನ್ನೂ ಹೇಳಿದಳು, ಹೆಚ್ಚಿನದನ್ನೂ ಹೇಳಿದಳು. ಸಭೆಯಲ್ಲೊಬ್ಬರು ಎದ್ದು, “ನಿಮ್ಮ ನೊಣಗಳೇ ಬಡಕಲು ಇರಬಹುದಲ್ಲ ಮೇಡಂ?” ಎಂದಾಗ ನಗೆಯೆದ್ದಿತು. ಗಿರಿಜಾ ಪರದೆಯ ಮೇಲೆ ಎರಡು ನಳಿಕೆಗಳ ವಿಡಿಯೊ ಹಾಕಿದಳು. “ಎರಡರಲ್ಲೂ ಇರೋದು ಒಂದೇ ತಾಯಿ ಮಕ್ಕಳು ಸರ್” ಎಂದಳು. ಒಂದರಲ್ಲಿ ನೊಣಗಳು ಸರಸರನೆ ಹತ್ತಿದವು. ಇನ್ನೊಂದರಲ್ಲಿ ಏರಿ, ತಡವರಿಸಿ, ಕಳಚಿ ಬಿದ್ದವು. ನಗೆ ನಿಂತಿತು. ಆಗ ಮಾರ್ಗದರ್ಶಕರೇ ಎದ್ದು, “ನಾನೂ ಖುದ್ದಾಗಿ ಮಾಡಿ ನೋಡಿದೆ. ಅವರು ಹೇಳ್ತಿರೋದು ಸರಿ” ಎಂದರು. ಆ ಮನುಷ್ಯನ ಮೇಲೆ ನನಗೆ ಅಂದು ಹುಟ್ಟಿದ ಗೌರವ ಇಂದಿಗೂ ಇದೆ. ಪದವಿ ತಡವಾಯಿತು, ನಿಜ, ಆದರೆ ಬಂತು. ಅಮ್ಮ ಬೀದಿಗೆಲ್ಲ ಸೊಸೆ ಡಾಕ್ಟ್ರಾದಳೆಂದು ಸಾರಿದ್ದರಿಂದ ಎದುರುಮನೆಯ ಅಜ್ಜಿ ಮಂಡಿನೋವು ಹೇಳಿಕೊಂಡು ಬಂದರು.

ಮುಂದಿನ ವರ್ಷ ರಾಜಾನುಕುಂಟೆಯ ಹತ್ತಿರ ರೇಷ್ಮೆ ಬೆಳೆಗಾರರ ಸಭೆಗೆ ಅವಳನ್ನು ಕರೆದರು. ಸ್ಕೂಟರಿನ ಸಾರಥ್ಯ ನನ್ನದು. ಮಾತು ಮುಗಿದ ಮೇಲೆ ಮುನಿರಾಜಪ್ಪ ಎಂಬ ರೈತರು ಎದ್ದರು. “ಮೇಡಂ, ಇಂಥದೇ ಕಬ್ಬಿಣದ್ ಪುಡಿ ಇಪ್ಪುನೇರಳೆ ಸೊಪ್ಪಿಗೆ ಒಡೀರಿ, ಗೂಡು ಗಟ್ಟಿ ಬತ್ತದೆ ಅಂತ ಒಬ್ರು ಬಂದವ್ರೆ. ಒಡೀಬೋದಾ?”

ಇಷ್ಟು ಓದಿದವಳು ಈಗ ಉಪನ್ಯಾಸವನ್ನೇ ಕೊಡುತ್ತಾಳೆಂದು ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

“ನನಗೆ ಗೊತ್ತಿಲ್ಲ” ಎಂದಳು ಗಿರಿಜಾ. “ನಾನು ನೋಡಿರೋದು ನೊಣ, ರೇಷ್ಮೆ ಹುಳು ಅಲ್ಲ. ನೊಣಕ್ಕೆ ಜಾಸ್ತಿ ಆದ್ರೆ ತೊಂದ್ರೆ ಆಗುತ್ತೆ, ಅಷ್ಟು ಗೊತ್ತು. ಹುಳುವಿನ ಮೇಲೆ ಪರೀಕ್ಷೆ ಮಾಡಿದಾರಾ ಅಂತ ಅವ್ರನ್ನ ಕೇಳಿ. ಮಾಡಿಲ್ಲ ಅಂದ್ರೆ, ನಿಮ್ಮ ಜಾಗದಲ್ಲಿ ನಾನಿದ್ರೆ ಹೊಡೀತಿರ್ಲಿಲ್ಲ.”

ಮುನಿರಾಜಪ್ಪ ಹೆಗಲ ಟವೆಲು ಸರಿಪಡಿಸಿಕೊಂಡು ಮುಂದೆ ಬಂದರು. “ಬಂದೋರೆಲ್ಲ ಎಲ್ಲಾ ಗೊತ್ತು ಅಂತಾರೆ. ನೀವೊಬ್ರು ಗೊತ್ತಿಲ್ಲ ಅಂದ್ರಿ. ಬನ್ನಿ ತಾಯಿ, ನಮ್ ಉಳ ನೋಡೋರಂತೆ” ಎಂದರು.

ಹುಳುಮನೆಗೆ ಹೊರಗಿನವರನ್ನು ಸುಲಭವಾಗಿ ಬಿಡುವುದಿಲ್ಲ; ಮೈಯೊಡನೆ ರೋಗ ಬರುತ್ತದೆಂಬ ಭಯ. ಬಾಗಿಲಲ್ಲಿಟ್ಟಿದ್ದ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಗಿರಿಜಾ ಕೈಕಾಲು ತೊಳೆದು ಒಳಗೆ ಹೋದಳು. ನಾನೂ ಚಪ್ಪಲಿ ಬಿಟ್ಟು ಮುಂದಡಿಯಿಟ್ಟೆ.

“ತಾವು ಇಲ್ಲೇ ಇರಿ ಸಾ” ಎಂದು ಮುನಿರಾಜಪ್ಪ ಬಾಗಿಲು ಹಾಕಿಕೊಂಡರು.

ಸೊಪ್ಪಿನ ತೋಟಕ್ಕೆ ಮುಖ ಮಾಡಿ, ಹೆಂಡತಿಯ ಚೀಲ ಹೆಗಲಿಗೇರಿಸಿಕೊಂಡು ನಿಂತೆ. ಒಳಗಿನಿಂದ ಅವಳ ದನಿ ಕೇಳುತ್ತಿತ್ತು. ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಿದ್ದಳು. ಆ ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದಷ್ಟು ಹೆಮ್ಮೆಯಿಂದ ನಾನು ಯಾವ ವೇದಿಕೆಯ ಮೇಲೂ ಕುಳಿತದ್ದಿಲ್ಲ.