ಬೀರೇಶ ಬಚ್ಚಿಟ್ಟ ಹಗ್ಗ

ಗಬ್ಬೂರಿನ ಬೀರೇಶನಿಗೆ ದಾರಿ ಇಲ್ಲದ ಕಡೆ ಜೀಪು ಓಡಿಸುವುದೇ ಕಸುಬು. ದೇವದುರ್ಗದ ಕಲ್ಲುಗುಡ್ಡಗಳಾಚೆ ತಿಂಗಳುಗಟ್ಟಲೆ ಬೀಡುಬಿಡುವ ಕುರಿಗಾರರಿಗೆ ಜೋಳದ ಹಿಟ್ಟು, ಕುಡಿಯುವ ನೀರು, ಕುರಿಗಳ ಔಷಧಿ ಮುಟ್ಟಿಸುತ್ತಿದ್ದ. ಎರೆಮಣ್ಣಿನಲ್ಲಿ ಗಾಲಿ ಹೂತರೆ ನೆಲ ಒಣಗುವವರೆಗೂ ಜೀಪಿನಲ್ಲೇ ಮಲಗುತ್ತಿದ್ದ. ಅದನ್ನೇ ದೊಡ್ಡಸ್ತಿಕೆಯಂತೆ ಹೇಳಿಕೊಳ್ಳುತ್ತಿದ್ದ.

ಕಳೆದ ಮಳೆಗಾಲ ಬಣವೆಯ ಮೇಲಿಂದ ಬಿದ್ದು ಬಲಗೈ ಮುರಿದುಕೊಂಡ. ಕುರಿಗಾರರು ಬೇರೆ ಗಾಡಿ ನೋಡಿಕೊಂಡಾರೆಂದು ಹೆಂಡತಿ ದೇವಿಕಾ ಸ್ಟೇರಿಂಗ್ ಹಿಡಿದಳು. ಓಡಿಸಲು ಕಲಿಸಿದವನು ಅವನೇ, ಆದರೆ ಅವಳ ರೀತಿ ಬೇರೆ. ಹೊರಡುವ ಮುಂಚೆ ಸ್ಟೆಪ್ನಿಯ ಗಾಳಿ ನೋಡುವಳು. ಜ್ಯಾಕಿನ ಕೆಳಗಿಡಲು ಹಲಗೆ, ಗಾಲಿಯಡಿ ಹಾಸಲು ಗೋಣಿಚೀಲ, ಸಲಿಕೆ, ಎಳೆಯಲು ದಪ್ಪ ಹಗ್ಗ ಇರಲೇಬೇಕು. ಯಾವ ದಾರಿಯಲ್ಲಿ ಹೋಗುತ್ತೇನೆಂದು ಪಕ್ಕದ ಮನೆಯ ಗುಡುಸಾಬನಿಗೂ ಹೇಳುವಳು.

"ಕಾಶಿಗೆ ಹೊಂಟಿಯೇನು?" ಎಂದು ಬೀರೇಶ ಗೇಲಿ ಮಾಡುತ್ತಿದ್ದ.

ಅವನ ಕೈ ಕೂಡಿತು. ಆದರೂ ಕುರಿಗಾರರು ಗುಡ್ಡದ ನೆತ್ತಿಗೆ ಹತ್ತಿ ಫೋನ್ ಮಾಡಿ, "ಅಕ್ಕಾರಿಗೆ ಕೊಡ್ರಿ" ಅನ್ನುತ್ತಿದ್ದರು. ಹಳೆಯ ಗಿರಾಕಿ ಕನಕರಾಯನಂತೂ ಒಂದು ಸಂಜೆ ನೇರವಾಗಿಯೇ ಹೇಳಿದ: "ಹಳ್ಳ ದಾಟಬೇಕು, ಮೋಡ ಬ್ಯಾರೆ ಆಗ್ಯಾವ. ನೀವು ಬ್ಯಾಡ, ಅಕ್ಕಾರನ್ನ ಕಳಸ್ರಿ."

ಬೀರೇಶ ಅಂದು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ತಾನು ತೋರಿಸಿದ ದಾರಿ, ತಾನು ಕಲಿಸಿದ ವಿದ್ಯೆ, ಹೆಸರು ಮಾತ್ರ ಅವಳದು. ಬೆಳಿಗ್ಗೆ ಅವಳು ನೀರಿಗೆ ಹೋದಾಗ ಜೀಪಿನ ಹಗ್ಗ ತೆಗೆದು ಕೊಟ್ಟಿಗೆಯ ಮೇವಿನೊಳಗೆ ಹುಗಿದಿಟ್ಟ. ಸಿಕ್ಕಿಕೊಳ್ಳಲಿ, ನನ್ನನ್ನೇ ಕರೆಯಲಿ, ಗುಡುಸಾಬನ ಟ್ರ್ಯಾಕ್ಟರ್ ಒಯ್ದು ಎಲ್ಲರೆದುರು ಎಳೆದು ತರುತ್ತೇನೆ ಎಂದುಕೊಂಡ.

ಅವಳು ಹೊರಟಳು. ಮಧ್ಯಾಹ್ನ ಗುಡ್ಡದ ಕಡೆ ಕಪ್ಪಗೆ ಮಳೆ ಇಳಿಯಿತು. ಫೋನ್ ಬರಲಿಲ್ಲ. ತಾನೇ ಮಾಡಿದರೆ ಹತ್ತಲಿಲ್ಲ. ಹಳ್ಳಕ್ಕೆ ನೀರು ಬಂದರೆ ಎಂಬ ಯೋಚನೆ ಬಂದದ್ದೇ ಕೊಟ್ಟಿಗೆಗೆ ನುಗ್ಗಿದ. ಮೇವಿನೊಳಗಿಂದ ಹಗ್ಗ ಹಿರಿದುಕೊಂಡು ಗುಡುಸಾಬನ ಮನೆಗೆ ಓಡಿದ.

"ಸಾಬ, ಟ್ರ್ಯಾಕ್ಟರ್ ತೆಗಿ. ಎಲ್ಲಿ ಹುಡುಕೂದು ತಿಳಿವಲ್ದು."

"ನಂಗ ಹೇಳಿ ಹೋಗ್ಯಾಳ. ಜಾಲಿಗಿಡದ ಹಳ್ಳದ ದಾರಿ. ಹತ್ತು," ಎಂದ ಗುಡುಸಾಬ.

ಹೋಗಿ ನೋಡಿದರೆ ಜೀಪು ಆಚೆ ದಂಡೆಯ ಮೇಲಿತ್ತು, ಬಾಗಿಲವರೆಗೂ ಕೆಸರು. ನೀರು ಏರುವ ಮೊದಲೇ ಕುರಿಗಾರರು ಎಳೆದು ಹಾಕಿದ್ದರು. ಕನಕರಾಯ ಆ ದಂಡೆಯಿಂದಲೇ ಕೂಗಿ ಅವಳ ಧೈರ್ಯವನ್ನು ಹೊಗಳುತ್ತಿದ್ದ. ಬೀರೇಶನಿಗೆ ಹೋದ ಜೀವ ಬಂದಂತಾಯಿತು. ಆ ಹೊಗಳಿಕೆ ಕಿವಿಗೆ ಬಿದ್ದೊಡನೆ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಅದಕ್ಕೆ ಅವನಿಗೇ ನಾಚಿಕೆಯಾಯಿತು.

ನೀರು ಇಳಿದ ಮೇಲೆ ದಾಟಿ ಹೋದ. ದೇವಿಕಾ ಜೀಪಿನ ಹಳೇ ಹಗ್ಗ ಹೊತ್ತ ಅವನ ಹೆಗಲನ್ನೇ ನೋಡಿದಳು.

"ಹಗ್ಗ ಇಲ್ಲಂತ ಹೊಂಡೂ ಮುಂಚೆನೇ ಗೊತ್ತಾತು. ಅಂಗಡ್ಯಾಗ ಹೊಸಾದು ತಗೊಂಡೆ. ಯಾರೋ ಕದ್ದಾರಂತ ತಿಳಕೊಂಡಿದ್ದೆ."

ಬೀರೇಶ ತಲೆ ತಗ್ಗಿಸಿದ. "ನಾನೇ ಮುಚ್ಚಿಟ್ಟಿದ್ದೆ. ಸಿಕ್ಕೊಂಡ್ರ ನೀ ನನ್ನ ಕರೀತಿ ಅಂತ."

"ಇಲ್ಲಿ ಫೋನು ಹತ್ತಂಗಿಲ್ಲ. ನಿಮಗೂ ಗೊತ್ತದ."

"ಗೊತ್ತಿತ್ತು. ಹೊಟ್ಟಿಕಿಚ್ಚಿನಾಗ ನೆನಪಾಗಲಿಲ್ಲ."

ಆ ವಾರವೆಲ್ಲ ಅವಳು ಅವನ ಮುಂದೆ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು. ಕೊನೆಗೆ ಒಂದು ಮುಂಜಾನೆ ಜೀಪಿನ ಕೀಲಿ ಅವನ ಮುಂದಿಟ್ಟು, "ಗಾಳಿ, ನೀರು, ಸಾಮಾನು ಎಲ್ಲಾ ನೀವೇ ನೋಡ್ರಿ. ನೋಡಿದ ಮ್ಯಾಲೇ ನಾ ಹತ್ತತೀನಿ," ಎಂದಳು.

ಈಗ ಹತ್ತಿರದ ಬೀಡುಗಳಿಗೆ ಬೀರೇಶ ಹೋಗುತ್ತಾನೆ. ಗುಡ್ಡದಾಚೆಗೆ ದೇವಿಕಾ. ದೇವದುರ್ಗದ ಸಂತೆಯಲ್ಲಿ ಕುರಿಗಾರರು ಅವನನ್ನು ಕಂಡು ಅಕ್ಕಾರು ಎಲ್ಲಿ ಎಂದು ಕೇಳಿದರೆ ಇವತ್ತಿಗೂ ಅವನ ಮುಖ ಸಣ್ಣದಾಗುತ್ತದೆ. "ಮನ್ಯಾಗ ಅದಾಳ. ನಾಳೆ ಬರ್ತಾಳ," ಎಂದು ಹೇಳಿ ಹಿಟ್ಟಿನ ಚೀಲ ಎತ್ತಿಕೊಳ್ಳುತ್ತಾನೆ.